ಮೂಕಿಯ ಭಾರ: ಕ್ಯಾಂಪರ್ ಕಟ್ಟಿಕೊಂಡು ಡೆನ್ವರ್‌ನಿಂದ ಯೂಟಾಗೆ

ಕಳೆದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾವು ನಾಲ್ವರು, ಅಂದರೆ ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು ಮತ್ತು ಚನ್ನರಾಯಪಟ್ಟಣದ ಕಡೆಯ ನಮ್ಮ ಹಳ್ಳಿಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಪ್ಪ, 17 ಅಡಿ ಉದ್ದದ ಒಂದು ಹಳೆಯ ಕ್ಯಾಂಪರ್ ಟ್ರೇಲರನ್ನು (ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಲಿಮನೆ) ನಮ್ಮ ಎಸ್‌ಯುವಿಯ ಹಿಂದೆ ಕಟ್ಟಿಕೊಂಡು ಡೆನ್ವರ್‌ನಿಂದ ಯೂಟಾ ರಾಜ್ಯದ ಮೋಆಬ್ ಊರು ಮತ್ತು ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಬಂದೆವು. ಎಂಟು ದಿನ, ಸುಮಾರು 1,000 ಮೈಲಿ. ಅದಕ್ಕೆ ಮೊದಲು ನಾನು ಟ್ರೇಲರ್ ಎಳೆದದ್ದು ಮನೆಯ ಹತ್ತಿರದ ಖಾಲಿ ಪಾರ್ಕಿಂಗ್ ಜಾಗದಲ್ಲಿ ಮಾತ್ರ.

ಹೊರಡುವ ಮುಂಚೆ ನಾನು ಮಾಡಿದ ಲೆಕ್ಕ ಬಹಳ ಸರಳವಾಗಿತ್ತು. ನಮ್ಮ ಗಾಡಿ 5,000 ಪೌಂಡ್ ಎಳೆಯಬಲ್ಲದು, ಖಾಲಿ ಕ್ಯಾಂಪರಿನ ತೂಕ 2,700 ಪೌಂಡ್, ಹಾಗಾಗಿ ಯೋಚನೆಯೇ ಬೇಡ ಎಂದುಕೊಂಡಿದ್ದೆ. ಆದರೆ ಖಾಲಿ ಕ್ಯಾಂಪರನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪಾತ್ರೆ, ಅಕ್ಕಿ, ಹಾಸಿಗೆ, 20 ಗ್ಯಾಲನ್ ನೀರು ಎಲ್ಲ ಸೇರಿದ ಮೇಲೆ ಲಾರಿಗಳು ನಿಲ್ಲುವ ಬಂಕಿನ ವೇ ಬ್ರಿಡ್ಜ್ ಮೇಲೆ ಅದು 3,400 ಪೌಂಡ್ ತೂಗಿತು. ನೀರೊಂದೇ 166 ಪೌಂಡ್. ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಕಿ ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಹಳದಿ-ಬಿಳಿ ಚೀಟಿಯಲ್ಲಿ ಇರುತ್ತದೆ. ಕಾರಿನೊಳಗಿನ ಜನ, ಸಾಮಾನು ಮತ್ತು ಹಿಚ್ (ಟ್ರೇಲರ್ ಕಟ್ಟುವ ಕಾರಿನ ಹಿಂದಿನ ಕೊಂಡಿ) ಮೇಲೆ ಟ್ರೇಲರ್ ಒರಗುವ ಭಾರ ಮೂರೂ ಸೇರಿ ಆ ಅಂಕಿಯನ್ನು ಮೀರಬಾರದು. ನಮ್ಮದರಲ್ಲಿ ಅದು 1,250 ಪೌಂಡ್ ಇತ್ತು. ಎಳೆಯುವ ಶಕ್ತಿ ಮುಗಿಯುವುದಕ್ಕೆ ಬಹಳ ಮೊದಲೇ ಈ ಲೆಕ್ಕ ಮುಗಿದುಹೋಗುತ್ತದೆ ಎಂಬುದನ್ನು ಮಾರುವವರು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೊದಲ 50 ಮೈಲಿಯ ನಂತರ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕೆಂಬ ನಿಯಮವನ್ನು ಓದಿಕೊಂಡಿದ್ದರಿಂದ ಜಾರ್ಜ್‌ಟೌನ್‌ನಲ್ಲಿ ನಿಲ್ಲಿಸಿ ಟಾರ್ಕ್ ವ್ರೆಂಚ್ ಹಾಕಿದೆ. ಎಡಗಡೆಯ ಚಕ್ರದ ಒಂದು ನಟ್ಟು ಕಾಲು ಸುತ್ತು ತಿರುಗಿತು. ಅಲ್ಲಿಂದ ಮುಂದೆ ಐಸೆನ್‌ಹೋವರ್ ಸುರಂಗದವರೆಗೆ ಏರು. ಅದು 11,000 ಅಡಿಗೂ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ ನಾವು ಬಲಗಡೆಯ ಲೇನಿನಲ್ಲಿ ಲಾರಿಗಳ ಹಿಂದೆ 40 ಮೈಲಿ ವೇಗದಲ್ಲಿ ತೆವಳಿದೆವು. ಏರಿನಲ್ಲಿ ನಿಧಾನವಾದರೆ ಅವಮಾನವೇನೂ ಇಲ್ಲ. ಕಷ್ಟವಿರುವುದು ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಕಡೆಗಿನ ಇಳಿಜಾರಿನಲ್ಲಿ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿಯ ದಾರಿಗಳನ್ನೇ ಮಾಡಿಟ್ಟಿದ್ದಾರೆ. ಇಳಿಜಾರು ಶುರುವಾದ ಮೇಲೆ ಗೇರ್ ಇಳಿಸುವುದಲ್ಲ, ಶುರುವಾಗುವ ಮೊದಲೇ ಇಳಿಸಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಮಾಡಬೇಕು. ಬ್ರೇಕನ್ನು ಒತ್ತಿಯೇ ಇಟ್ಟುಕೊಳ್ಳದೆ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು. ನಾನು ಎರಡನೆಯದನ್ನು ಅರ್ಧ ಮರೆತಿದ್ದೆ. ಕೆಳಗೆ ನಿಲ್ಲಿಸಿದಾಗ ಸುಟ್ಟ ವಾಸನೆ ಬರುತ್ತಿತ್ತು.

ನಿಜವಾದ ಪಾಠ ಆದದ್ದು ಗ್ಲೆನ್‌ವುಡ್ ಕಣಿವೆ ದಾಟಿ, ರೈಫಲ್ ಊರನ್ನೂ ದಾಟಿದ ಮೇಲೆ, ರಸ್ತೆ ಬಯಲಿಗೆ ಬಂದಾಗ. ಟ್ರೇಲರಿನ ಟೈರುಗಳು 65 ಮೈಲಿ ವೇಗಕ್ಕೆ ಮಾಡಿದವು ಎಂದು ಗೊತ್ತಿದ್ದರೂ, ಹಿಂದಿನವರ ಅವಸರಕ್ಕೆ ಮಣಿದು 70ಕ್ಕೆ ಏರಿಸಿದ್ದೆ. ಉದ್ದನೆಯ ಲಾರಿಯೊಂದು ಎಡಗಡೆಯಿಂದ ದಾಟಿತು. ಅದರ ಗಾಳಿ ಮೊದಲು ನಮ್ಮನ್ನು ಹೊರಗೆ ತಳ್ಳಿತು, ಮರುಕ್ಷಣ ಒಳಗೆ ಎಳೆಯಿತು. ಕನ್ನಡಿಯಲ್ಲಿ ನೋಡಿದರೆ ಕ್ಯಾಂಪರಿನ ಹಿಂಭಾಗ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಕಾಣಿಸಿಕೊಳ್ಳುತ್ತಿತ್ತು, ಒಂದೊಂದು ಸಲವೂ ಸ್ವಲ್ಪ ಹೆಚ್ಚು. ಸ್ಟೀರಿಂಗ್ ನನ್ನ ಕೈಯಲ್ಲಿದ್ದರೂ ಕಾರು ನನ್ನ ಮಾತು ಕೇಳುತ್ತಿರಲಿಲ್ಲ. ಭಯಕ್ಕೆ ಬ್ರೇಕ್ ತುಳಿದೆ, ಓಲಾಟ ಇನ್ನೂ ಜಾಸ್ತಿಯಾಯಿತು. ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗಿದ್ದ ಬ್ರೇಕ್ ಕಂಟ್ರೋಲರಿನ ಸಣ್ಣ ಗುಂಡಿಯನ್ನು ಕೈಯಿಂದ ಸರಿಸಿದಾಗ ಟ್ರೇಲರಿನ ಬ್ರೇಕ್ ಮಾತ್ರ ಹಿಡಿದು, ಬಾಲ ಹಿಂದಕ್ಕೆ ಎಳೆದಂತಾಗಿ ಎಲ್ಲವೂ ನೇರವಾಯಿತು. ಆ ಗುಂಡಿ ಎಲ್ಲಿದೆ ಎಂದು ನೋಡದೆಯೇ ಕೈಗೆ ಸಿಗುವಷ್ಟು ಅಭ್ಯಾಸವನ್ನು ಹೊರಡುವ ಮೊದಲೇ ಮಾಡಿಕೊಂಡಿರಬೇಕಿತ್ತು.

ಮುಂದಿನ ನಿಲುಗಡೆಯಲ್ಲಿ ಅಪ್ಪ ಇಳಿದು, ಏನೂ ಮಾತಾಡದೆ ಕ್ಯಾಂಪರಿಗೆ ಒಂದು ಸುತ್ತು ಬಂದರು. ಹಿಂದಿನ ಬಂಪರಿಗೆ ನಾನು ಕಟ್ಟಿದ್ದ ಎರಡು ಸೈಕಲ್ ನೋಡಿದರು, ಹಿಂಬದಿಯ ಕಪಾಟು ತೆಗೆದು ಅಕ್ಕಿಚೀಲ, ಕುಕ್ಕರು, ಹತ್ಯಾರದ ಪೆಟ್ಟಿಗೆ ನೋಡಿದರು.

"ಮೂಕಿ ಹಗುರ ಆಗೈತೆ ಕಣ್ ಮಗ. ಎಲ್ಲಾನೂ ಹಿಂದಕ್ಕೇ ಹೇರಿದ್ದೀಯ."

ಮೂಕಿ ಎಂದರೆ ಎತ್ತಿನ ಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಮರ. ಗಾಡಿ ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ, ಮುಂದೆ ಭಾರವಾದರೆ ನೊಗ ಹೆಗಲನ್ನು ಜಜ್ಜುತ್ತದೆ. ಟ್ರೇಲರಿನ ವಿಷಯದಲ್ಲಿ ಈ ಮೂಕಿಯ ಭಾರ, ಅಂದರೆ ಹಿಚ್ ಮೇಲೆ ಒರಗುವ ಭಾರ, ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು. ಕಡಿಮೆಯಾದರೆ ಬಾಲ ಓಲಾಡುತ್ತದೆ, ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ನಾನು ವೇ ಬ್ರಿಡ್ಜ್‌ನಲ್ಲಿ ಒಟ್ಟು ತೂಕ ನೋಡಿ ಸಮಾಧಾನಪಟ್ಟುಕೊಂಡಿದ್ದೆ, ಆ ತೂಕ ಎಲ್ಲಿ ಕುಳಿತಿದೆ ಎಂದು ನೋಡಿರಲಿಲ್ಲ.

ಆ ರಾತ್ರಿ ಗ್ರ್ಯಾಂಡ್ ಜಂಕ್ಷನ್ ಹತ್ತಿರ ಉಳಿದುಕೊಂಡು, ಮಾರನೆಯ ಬೆಳಿಗ್ಗೆ ಅಂಗಡಿಯಿಂದ ಮನೆಯಲ್ಲಿ ಮೈತೂಕ ನೋಡುವ ಒಂದು ಸಾಧಾರಣ ತೂಕದ ಯಂತ್ರ ಮತ್ತು ಒಂದು ದಪ್ಪ ಹಲಗೆ ತಂದೆ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಲಗೆಯ ಒಂದು ತುದಿಯನ್ನು ತೂಕದ ಯಂತ್ರದ ಮೇಲೂ ಇನ್ನೊಂದು ತುದಿಯನ್ನು ಅಷ್ಟೇ ಎತ್ತರದ ಮರದ ತುಂಡಿನ ಮೇಲೂ ಇಟ್ಟೆ. ನಡುವೆ ಸರಿಯಾಗಿ ಮೂರು ಅಡಿ ಅಂತರ. ಮರದ ತುಂಡಿನಿಂದ ಒಂದು ಅಡಿ ದೂರದಲ್ಲಿ, ಎಂದರೆ ಯಂತ್ರದಿಂದ ಎರಡು ಅಡಿ ದೂರದಲ್ಲಿ, ಮೂಕಿಯ ಭಾರ ಹಲಗೆಯ ಮೇಲೆ ಕೂರುವಂತೆ ಜ್ಯಾಕ್ ಇಳಿಸಿದರೆ ಯಂತ್ರ ತೋರಿಸುವುದು ನಿಜವಾದ ಭಾರದ ಮೂರನೆಯ ಒಂದು ಪಾಲು. ಮುಳ್ಳು 70ರಲ್ಲಿ ನಿಂತಿತು. ಮೂರರಿಂದ ಗುಣಿಸಿದರೆ 210, ನೂರಕ್ಕೆ 6 ಮಾತ್ರ. ಅಚ್ಚಿನಿಂದ ಹಿಂದಕ್ಕಿದ್ದ ತೊಟ್ಟಿಯ ನೀರನ್ನು ಖಾಲಿ ಮಾಡಿದೆವು, ಅಕ್ಕಿ, ಕುಕ್ಕರು, ಹತ್ಯಾರಗಳನ್ನು ಮುಂದಿನ ಮಂಚದ ಕೆಳಗೆ ಸೇರಿಸಿದೆವು, ಸೈಕಲ್‌ಗಳನ್ನು ಹಳೆಯ ರಗ್ಗು ಸುತ್ತಿ ಒಳಗೆ ಮುಂಭಾಗದಲ್ಲೇ ಮಲಗಿಸಿದೆವು. ಮತ್ತೆ ತೂಗಿದಾಗ ಮುಳ್ಳು 133 ತೋರಿಸಿತು, ಎಂದರೆ ಸುಮಾರು 400 ಪೌಂಡ್. ಅಂದಿನಿಂದ 62 ಮೈಲಿಗಿಂತ ಹೆಚ್ಚು ವೇಗ ಹೋಗಲಿಲ್ಲ. ಹ್ಯಾಂಕ್ಸ್‌ವಿಲ್ ಕಡೆಯ ಬಯಲಿನಲ್ಲಿ ಅಡ್ಡಗಾಳಿ ಜೋರಾಗಿ ಬೀಸಿದರೂ ಕ್ಯಾಂಪರ್ ಕಾರಿನ ಬೆನ್ನಿಗೆ ಅಂಟಿಕೊಂಡೇ ಬಂತು.

ಹಿಂದಕ್ಕೆ ತೆಗೆಯುವ ವಿದ್ಯೆ ನನಗೆ ಇನ್ನೂ ಪೂರ್ತಿ ಒಲಿದಿಲ್ಲ. ಸ್ಟೀರಿಂಗಿನ ತಳಭಾಗವನ್ನು ಹಿಡಿದು, ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಬೇಕು ಎಂಬ ಒಂದು ಸೂತ್ರ ನನ್ನನ್ನು ಉಳಿಸಿತು. ಮೋಆಬ್‌ನಲ್ಲಿ ನನ್ನ ಹೆಂಡತಿ ಹಿಂದೆ ನಿಂತು "ಎಡಕ್ಕೆ ರೀ, ಎಡಕ್ಕೆ" ಎಂದು ಕೂಗಿದಾಗ ಅವಳ ಎಡವೋ ನನ್ನ ಎಡವೋ ತಿಳಿಯದೆ ಪಿಕ್ನಿಕ್ ಮೇಜಿಗೆ ತಗುಲಿಸಿದೆ. ಮಾರನೆಯ ಸಲದಿಂದ ಫೋನ್ ಕರೆಯಲ್ಲಿ ಮಾತಾಡಿಕೊಂಡು, ಎಡ-ಬಲ ಬಿಟ್ಟು "ನಿಮ್ಮ ಕಡೆ", "ನನ್ನ ಸೀಟಿನ ಕಡೆ" ಎನ್ನತೊಡಗಿದೆವು.

ಮೋಆಬ್‌ನ ಕ್ಯಾಂಪಿನಲ್ಲಿ 30 ಆಂಪಿಯರ್ ವಿದ್ಯುತ್ ಇತ್ತು. 120 ವೋಲ್ಟಿಗೆ ಅದು 3,600 ವ್ಯಾಟ್. ಏಸಿ, ಮೈಕ್ರೋವೇವ್, ಎಲೆಕ್ಟ್ರಿಕ್ ಕುಕ್ಕರ್ ಮೂರನ್ನೂ ಒಟ್ಟಿಗೆ ಹಾಕಿದ್ದಕ್ಕೆ ಮೊದಲ ದಿನವೇ ಬ್ರೇಕರ್ ಬಿತ್ತು. ಕ್ಯಾಪಿಟಲ್ ರೀಫ್‌ನ ಫ್ರೂಟಾ ಕ್ಯಾಂಪಿನಲ್ಲಿ ಅದೂ ಇಲ್ಲ. ಅಲ್ಲಿ ಫ್ರಿಜ್ ಗ್ಯಾಸಿನಲ್ಲಿ ನಡೆಯುತ್ತದೆ, ಆದರೆ ರಾತ್ರಿ ಹೀಟರಿನ ಫ್ಯಾನ್ ಬ್ಯಾಟರಿಯನ್ನು ಹೀರಿಬಿಡುತ್ತದೆಂದು ನಮಗೆ ಬೆಳಗಿನ ಜಾವ ನಾಲ್ಕು ಗಂಟೆಗೆ, ಚಳಿಯಲ್ಲಿ, ಗೊತ್ತಾಯಿತು. ಮಿಕ್ಸಿ ಓಡದ ಕಾರಣ ಚಟ್ನಿಪುಡಿ, ಹುಳಿಯನ್ನದ ಗೊಜ್ಜು ಮೊದಲೇ ಮಾಡಿ ತಂದದ್ದು ಅನುಕೂಲವಾಯಿತು. ಒಂದು ಮಾತು ನಮ್ಮ ಅಡುಗೆಯವರಿಗೆ: ಸಾಂಬಾರಿನ ಎಣ್ಣೆಪಾತ್ರೆಯನ್ನು ಪೇಪರಿನಲ್ಲಿ ಒರೆಸಿಯೇ ತೊಳೆಯಬೇಕು, ಇಲ್ಲದಿದ್ದರೆ ಸಿಂಕಿನ ನೀರಿನ ತೊಟ್ಟಿ ಎರಡೇ ದಿನಕ್ಕೆ ನಾರುತ್ತದೆ. ತೊಟ್ಟಿಗಳನ್ನು ಖಾಲಿ ಮಾಡುವಾಗ ಶೌಚದ್ದನ್ನು ಮೊದಲು, ಸಿಂಕಿನದನ್ನು ಆಮೇಲೆ ಬಿಟ್ಟರೆ ಎರಡನೆಯ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿಕೊಂಡು ಐದು ನಿಮಿಷದಲ್ಲಿ ಮುಗಿಯುವ ಈ ಕೆಲಸಕ್ಕೆ ನಾನು ವಾರವಿಡೀ ಹೆದರಿದ್ದೆ.

ಪೆಟ್ರೋಲು ಗ್ಯಾಲನ್‌ಗೆ 23 ಮೈಲಿ ಕೊಡುತ್ತಿದ್ದ ಗಾಡಿ 12ಕ್ಕಿಂತ ಮೇಲೆ ಹೋಗಲಿಲ್ಲ. ಹಿಂದಕ್ಕೆ ತೆಗೆಯದೆ ನೇರ ಹೊರಬರುವ ಬಂಕುಗಳನ್ನು ನಕ್ಷೆಯಲ್ಲಿ ಹುಡುಕುವುದು ಮಗಳ ಕೆಲಸವಾಯಿತು.

ಮರಳಿ ಬಂದದ್ದು ಅಕ್ಟೋಬರ್ ಮೊದಲ ವಾರ. ಡೆನ್ವರಿನಲ್ಲಿ ಹಿಮ ಬೀಳುವ ಮೊದಲು ಕ್ಯಾಂಪರಿನ ಕೊಳವೆಗಳ ನೀರನ್ನು ಹೊರಹಾಕಿ, ವಿಷವಿಲ್ಲದ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಬೇಕಿತ್ತು, ಇಲ್ಲದಿದ್ದರೆ ಒಳಗೆ ಹೆಪ್ಪುಗಟ್ಟಿದ ನೀರು ಕೊಳವೆಗಳನ್ನು ಸೀಳುತ್ತದೆ. ನಾನು ಅದನ್ನು ಮಾಡುತ್ತಿದ್ದಾಗ ಅಪ್ಪ ಸುಣ್ಣದ ಕಡ್ಡಿಯಿಂದ ಮುಂದಿನ ಮಂಚದ ಕೆಳಗೆ ಅಕ್ಕಿಚೀಲದ ಜಾಗವನ್ನು ಗುರುತು ಮಾಡಿದರು. ಹಲಗೆ ಮತ್ತು ತೂಕದ ಯಂತ್ರ ಈಗಲೂ ಅದರ ಪಕ್ಕದಲ್ಲಿವೆ.