ಹೆಂಡತಿಯ ಮೆದುಳಿನ ಗಡ್ಡೆ: ಮನೆಯಲ್ಲಿ ನಾವು ನಿಭಾಯಿಸಿದ ಬಗೆ

ಕ್ಯಾನ್ಸರ್ ಅಂದ ತಕ್ಷಣ ನೆಂಟರು ಕೇಳುವ ಮೊದಲ ಪ್ರಶ್ನೆ ‘ಯಾವ ಸ್ಟೇಜು?’ ಅಂತ. ನನ್ನ ಹೆಂಡತಿಗೆ ಬಂದದ್ದಕ್ಕೆ ಸ್ಟೇಜ್ ಇಲ್ಲ. ಮೆದುಳಿನಲ್ಲೇ ಹುಟ್ಟುವ ಗಡ್ಡೆ ಮೆದುಳು ಬಿಟ್ಟು ಬೇರೆ ಕಡೆ ಹರಡುವುದು ತೀರಾ ಅಪರೂಪ. ಹಾಗಾಗಿ ಅದಕ್ಕೆ ಗ್ರೇಡ್ ಕೊಡುತ್ತಾರೆ, ಒಂದರಿಂದ ನಾಲ್ಕು. ಇವಳದ್ದು ನಾಲ್ಕು. ಹೆಸರು ಗ್ಲಿಯೋಬ್ಲಾಸ್ಟೋಮಾ. ಈ ಹೆಸರನ್ನು ರಿಪೋರ್ಟಿನಲ್ಲಿ ನೋಡಿ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತಿರುವ ಗಂಡನೋ ಹೆಂಡತಿಯೋ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಹಾಸನದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಮಾತ್ರೆಯ ವಿಚಾರ ನಿಮ್ಮ ಡಾಕ್ಟರನ್ನೇ ಕೇಳಿ. ಮನೆಯೊಳಗೆ ಏನಾಗುತ್ತೆ ಅನ್ನೋದನ್ನು ಮಾತ್ರ ನಾನು ಹೇಳಬಲ್ಲೆ.

ಇವಳು ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಲೀಟರು, ಫ್ಯಾಟು, ಬಟವಾಡೆ ಎಲ್ಲ ಬಾಯಲ್ಲೇ. ಆ ವರ್ಷ ಬಟವಾಡೆಯಲ್ಲಿ ತಪ್ಪು ಬರುತ್ತಿದೆ ಅಂತ ಒಬ್ಬಿಬ್ಬರು ಹಾಲು ಹಾಕುವವರು ನನ್ನ ಹತ್ತಿರವೇ ಬಂದು ಮೆಲ್ಲಗೆ ಹೇಳಿದರು. ಬೆಳಿಗ್ಗೆ ಏಳುವಾಗ ತಲೆನೋವು, ಒಂದು ಸಲ ವಾಂತಿ, ಹತ್ತು ಗಂಟೆಯ ಹೊತ್ತಿಗೆ ಸರಿ. ಪಿತ್ತ ಅಂದರು, ಕಣ್ಣು ಚೆಕ್ ಮಾಡಿಸಿ ಅಂದರು, ಕನ್ನಡಕವೂ ಬಂತು. ಮಲಗಿದಾಗ ತಲೆಯೊಳಗಿನ ಒತ್ತಡ ಜಾಸ್ತಿಯಾಗುತ್ತೆ, ಅದಕ್ಕೇ ಈ ಥರದ ನೋವು ಬೆಳಗಿನ ಜಾವ ಕಾಡೋದು ಅಂತ ಆಮೇಲೆ ಗೊತ್ತಾಯಿತು.

ಕೊನೆಗೆ ಒಬ್ಬ ವಯಸ್ಸಾದ ಫಿಜಿಶಿಯನ್ ಹತ್ತಿರ ಹೋದೆವು. ಅವರು ಸ್ಕ್ಯಾನ್ ಬರೆಯುವ ಮೊದಲು ಸುಮ್ನೆ ಮಾತಿಗೆ ಕೂತ ಹಾಗೆ, ‘ನೂರರಿಂದ ಏಳು ಕಳೀರಮ್ಮ’ ಅಂದರು. ಇವಳು ತೊಂಬತ್ಮೂರು ಅಂದಳು. ‘ಅದರಿಂದ ಇನ್ನೊಂದೇಳು?’ ಇವಳು ನನ್ನ ಮುಖ ನೋಡಿದಳು. ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ತೊಂಬತ್ಮೂರು ಅಂದಳು. ಬಲಗೈಯಲ್ಲಿ ಎಡಗಿವಿ ಮುಟ್ಟಿ ಅಂದರೆ ಎರಡೂ ಕೈ ಎತ್ತಿ ನಿಂತಳು. ಡಾಕ್ಟರು ಪೆನ್ ಕೆಳಗಿಟ್ಟು, ‘ಇವತ್ತೇ ಎಂಆರ್‌ಐ ಆಗಲಿ’ ಅಂದರು. ಗಡ್ಡೆ ಎಡಭಾಗದಲ್ಲಿ, ಕಿವಿಯಿಂದ ಸ್ವಲ್ಪ ಮೇಲೆ, ಹಿಂದಕ್ಕೆ ಇತ್ತು. ಲೆಕ್ಕ, ಎಡ ಬಲ, ಬೆರಳುಗಳ ಗುರುತು ಇವೆಲ್ಲ ಆ ಜಾಗದ ಕೆಲಸವಂತೆ.

ಬೆಂಗಳೂರಿಗೆ ಹೋದೆವು. ಇವಳನ್ನು ಎಚ್ಚರವಾಗಿಟ್ಟುಕೊಂಡೇ ಆಪರೇಷನ್ ಮಾಡ್ತೀವಿ ಅಂದಾಗ ಅತ್ತೆ ಎದ್ದು ಹೊರಗೆ ಹೋಗಿಬಿಟ್ಟರು. ಮೆದುಳಿಗೆ ಸ್ವತಃ ನೋವಾಗುವುದಿಲ್ಲ. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಗಡ್ಡೆಯ ಹತ್ತಿರ ಬಂದಾಗ ಎಬ್ಬಿಸಿ ಮಾತಾಡಿಸುತ್ತಾರೆ, ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಮಾತು ತೊದಲಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಗಡ್ಡೆಯನ್ನು ಪೂರ್ತಿ ತೆಗೆದೆವು ಅಂತ ಯಾರೂ ಹೇಳುವುದಿಲ್ಲ, ಯಾಕಂದರೆ ಅದರ ಬೇರುಗಳು ಒಳ್ಳೆಯ ಮೆದುಳಿನೊಳಗೇ ಹೋಗಿರುತ್ತವೆ. ಕಾಣುವಷ್ಟು ತೆಗೆದರು. ಇವಳು ಎರಡನೇ ದಿನ ಕಾಫಿ ಕೇಳಿದಳು.

ಬಯಾಪ್ಸಿ ರಿಪೋರ್ಟ್ ಬರುವವರೆಗಿನ ದಿನಗಳಲ್ಲೇ ನಮ್ಮ ಮನೆಯ ದೊಡ್ಡ ಜಗಳ ನಡೆದದ್ದು. ‘ಅವಳಿಗೆ ಕ್ಯಾನ್ಸರ್ ಅಂತ ಹೇಳೋದೇ ಬೇಡ, ನೀರುಗುಳ್ಳೆ ಇತ್ತು, ತೆಗೆದ್ರು ಅಂತ ಹೇಳೋಣ’ ಅಂತ ಭಾವ ಹಟ ಹಿಡಿದರು. ನನ್ನ ತಾಯಿಯದ್ದೂ ಅದೇ ಮಾತು. ಅವರ ಪ್ರೀತಿಯನ್ನು ನಾನು ತಪ್ಪು ಅನ್ನಲ್ಲ. ಆದರೆ ಹೊಟ್ಟೆಯದ್ದೋ ಎದೆಯದ್ದೋ ಕ್ಯಾನ್ಸರಿನಲ್ಲಿ ರೋಗಿಗೆ ಸಾಮಾನ್ಯವಾಗಿ ಕೊನೆಯ ಹತ್ತಿರದವರೆಗೂ ಬುದ್ಧಿ, ಮಾತು ಇರುತ್ತೆ. ಈ ಕಾಯಿಲೆಯಲ್ಲಿ ಗಡುವು ಎರಡು. ಜೀವದ್ದು ಒಂದು, ಮಾತಿನದ್ದು ಒಂದು, ಮಾತಿನದ್ದು ಬಹಳ ಮುಂಚೆ ಬರಬಹುದು. ಇವಳು ಏನಾದರೂ ನಿರ್ಧಾರ ಮಾಡಬೇಕಿದ್ದರೆ ಮೊದಲ ತಿಂಗಳುಗಳಲ್ಲೇ ಮಾಡಬೇಕು. ನೀರುಗುಳ್ಳೆ ಅಂತ ಹೇಳಿ ಆ ತಿಂಗಳುಗಳನ್ನು ಇವಳಿಂದ ಕಿತ್ತುಕೊಳ್ಳುವ ಹಕ್ಕು ನನಗಂತೂ ಇರಲಿಲ್ಲ.

ಅಷ್ಟಕ್ಕೂ ಇವಳು ನಮ್ಮನ್ನು ಕಾಯಲಿಲ್ಲ. ‘ರೀ, ಫೈಲ್ ಕೊಡಿ, ನಾನೂ ಓದ್ತೀನಿ’ ಅಂದಳು. ಓದಲು ಕಷ್ಟವಾಯಿತು, ನೇರವಾಗಿ ಡಾಕ್ಟರನ್ನೇ ಕೇಳಿದಳು: ‘ಮೇಡಂ, ನನಗೆಷ್ಟು ಟೈಮಿದೆ? ಮಗಳದ್ದು ಸೆಕೆಂಡ್ ಪಿಯುಸಿ.’ ಆ ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಹೇಳಿದರು. 2005ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಮೇಲೆ ಇವತ್ತಿಗೂ ಈ ಚಿಕಿತ್ಸೆ ನಿಂತಿದೆ. ಬರೀ ರೇಡಿಯೇಷನ್ ಕೊಟ್ಟವರಲ್ಲಿ ಅರ್ಧ ಜನ 12.1 ತಿಂಗಳು ದಾಟಿದ್ದರು. ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ ಕೊಟ್ಟಾಗ ಅದು 14.6 ಆಯಿತು. ಎರಡು ವರ್ಷ ಬದುಕಿದವರು 10.4 ಪರ್ಸೆಂಟಿನಿಂದ 26.5 ಪರ್ಸೆಂಟಿಗೆ ಏರಿದರು. ಇವಳ ಗಡ್ಡೆಯ ಎಂಜಿಎಂಟಿ ಪರೀಕ್ಷೆ ನಮಗೆ ಬೇಕಾದ ಹಾಗೆ ಬಂದಿರಲಿಲ್ಲ, ಅಂದರೆ ಮಾತ್ರೆ ಅಷ್ಟು ಚೆನ್ನಾಗಿ ಕೆಲಸ ಮಾಡದೆ ಹೋಗಬಹುದು. ಅದನ್ನೂ ಮುಚ್ಚಿಡಲಿಲ್ಲ. ಇವಳು ಅತ್ತಳು, ಆಮೇಲೆ ಮಗಳ ಸಿಇಟಿ ಯಾವ ತಿಂಗಳು ಅಂತ ನನ್ನನ್ನು ಕೇಳಿದಳು.

ಆ ವಾರದಿಂದಲೇ ಕೆಲಸ ಶುರು. ಇವಳ ಹೆಸರಿನ ಎಫ್‌ಡಿಗೆ ನನ್ನ ಹೆಸರೂ ಸೇರಿಸಿ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಅಂತ ಮಾಡಿಸಿದೆವು. ಎಲ್‌ಐಸಿ ನಾಮಿನಿ ನೋಡಿದೆವು, ಮದುವೆಗೆ ಮುಂಚಿನ ಪಾಲಿಸಿ, ನಾಮಿನಿ ಇವಳ ಅಪ್ಪ, ಅವರು ತೀರಿಹೋಗಿ ಎಷ್ಟೋ ವರ್ಷ. ಫೋನಿನ ಲಾಕು, ಯುಪಿಐ ಪಿನ್ನು, ಸಂಘದ ಚೀಟಿ ಯಾರಿಂದ ಎಷ್ಟು ಬರಬೇಕು, ಎಲ್ಲ ಇವಳು ಹೇಳಿದಳು, ಮಗಳು ಬರೆದುಕೊಂಡಳು. ಒಂದು ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಅಂತ ಪದೇ ಪದೇ ವಾಪಸ್ ಕಳಿಸಿದರು. ಕೈ ನಡುಗುವವಳಿಗೆ ಸಹಿ ಹೇಗೆ ಹೊಂದುತ್ತೆ? ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿಸಲು ದಾರಿ ಇದೆ, ಕೇಳಿ ಮಾಡಿಸಿಕೊಳ್ಳಿ. ಪವರ್ ಆಫ್ ಅಟಾರ್ನಿ ಒಂದಿದ್ದರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಆದರೆ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಆ ಪತ್ರಕ್ಕೆ ಬೆಲೆ ಇಲ್ಲ.

ಇನ್ನೊಂದು ಪತ್ರವೂ ಆಯಿತು. ವೆಂಟಿಲೇಟರ್ ಬೇಡ, ಕೊನೆಗೆ ಮನೆಯಲ್ಲೇ ಇರಬೇಕು ಅನ್ನೋದು ಇವಳ ಮಾತು. ಇಂಥ ಮುಂಗಡ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ಸುಲಭವೂ ಮಾಡಿದೆ. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಸಾಕು. ಭಾವ ಸಾಕ್ಷಿ ಹಾಕಲು ಒಪ್ಪಲಿಲ್ಲ. ಕೊನೆಗೆ ಅವರೇ ನೋಟರಿ ಆಫೀಸಿನವರೆಗೆ ಕಾರು ಓಡಿಸಿದರು, ಒಳಗೆ ಬರಲಿಲ್ಲ.

ಚಿಕಿತ್ಸೆಯದ್ದು ಬೇಗ ಹೇಳಿ ಮುಗಿಸುತ್ತೇನೆ. ಸೋಮವಾರದಿಂದ ಶುಕ್ರವಾರ ರೇಡಿಯೇಷನ್, 30 ಸಲ, ಒಟ್ಟು 60 ಗ್ರೇ (ಗ್ರೇ ಅಂದರೆ ರೇಡಿಯೇಷನ್ನಿನ ಅಳತೆ). ಬಿಸಿನೀರಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಮಾಸ್ಕ್ ಮಾಡುತ್ತಾರೆ, ಪ್ರತಿ ಸಲ ಅದನ್ನು ಮೇಜಿಗೆ ಬಿಗಿಯುತ್ತಾರೆ. ಇವಳಿಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು, ಕಣ್ಣು ಮುಚ್ಚಿ ಕೃಷ್ಣಾಷ್ಟಕ ಹೇಳಿಕೊಳ್ಳುತ್ತಿದ್ದಳು. ಟೆಮೊಜೊಲೊಮೈಡ್ ಖಾಲಿ ಹೊಟ್ಟೆಯಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ವಾಂತಿಯ ಮಾತ್ರೆ. ರಾತ್ರಿ ಮಲಗುವಾಗ ಕೊಟ್ಟರೆ ಸಂಕಟ ಕಡಿಮೆ. ಆ ಕ್ಯಾಪ್ಸೂಲ್ ಒಡೆಯಬಾರದು, ಅಗಿಯಬಾರದು. ರೇಡಿಯೇಷನ್ ಮುಗಿದ ಮೇಲೆ 28 ದಿನಕ್ಕೊಮ್ಮೆ 5 ದಿನ, ಹಾಗೆ ಆರು ಸುತ್ತು. ಪ್ಲೇಟ್ಲೆಟ್ ಇಳಿದರೆ ಸುತ್ತು ಮುಂದಕ್ಕೆ ಹೋಗುತ್ತೆ, ನಮ್ಮದೂ ಹೋಯಿತು. ರೇಡಿಯೇಷನ್ ಆದ ಮೇಲಿನ ಮೊದಲ ಎಂಆರ್‌ಐ ನೋಡಿ ಎದೆ ಒಡೆದುಕೊಳ್ಳಬೇಡಿ. ಚಿಕಿತ್ಸೆಯ ಊತವೇ ಗಡ್ಡೆ ಬೆಳೆದ ಹಾಗೆ ಕಾಣಬಹುದು.

ದುಡ್ಡಿನ ವಿಚಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ದರದ 30 ಪರ್ಸೆಂಟ್ ಮಾತ್ರ. ನಮ್ಮದು ಎಪಿಎಲ್. ಪ್ರೈವೇಟಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತೆಗೆದುಕೊಳ್ಳಿ, ಹೋದ ಮೇಲೆ ತರುವುದು ಹಿಂಸೆ.

ಯಾರೂ ಮೊದಲೇ ಹೇಳದಿದ್ದ ವಿಷಯ ಸ್ಟೀರಾಯ್ಡಿನದ್ದು. ಡೆಕ್ಸಾ ಮಾತ್ರೆ ಊತ ಇಳಿಸುತ್ತೆ, ಮೊದಲ ದಿನವೇ ತಲೆನೋವು ಹೋಗಿ ಮನೆಯವರಿಗೆಲ್ಲ ಪವಾಡ ಅನ್ನಿಸುತ್ತೆ. ಆಮೇಲೆ ಶುಗರ್ ಏರುತ್ತೆ, ಮುಖ ಊದುತ್ತೆ, ರಾತ್ರಿ ಎರಡು ಗಂಟೆಗೆ ಚಿತ್ರಾನ್ನ ಬೇಕು ಅನ್ನಿಸುತ್ತೆ, ನಿದ್ದೆ ಇಲ್ಲ. ಎರಡನೇ ಡೋಸನ್ನು ಸಂಜೆಯ ಬದಲು ಮಧ್ಯಾಹ್ನಕ್ಕೆ ತಂದ ಮೇಲೆ, ಡಾಕ್ಟರನ್ನು ಕೇಳಿಯೇ, ನಮ್ಮ ರಾತ್ರಿಗಳು ಸ್ವಲ್ಪ ಸುಧಾರಿಸಿದವು. ತೊಡೆಯ ಸ್ನಾಯು ಸೋತು ಕೂತಲ್ಲಿಂದ ಏಳಲಾಗದು, ಕಮೋಡ್ ಕುರ್ಚಿ ಬೇಗ ತಂದಿಟ್ಟುಕೊಳ್ಳಿ. ಈ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬಾರದು. ಜೊತೆಗೆ ಫಿಟ್ಸ್ ಮಾತ್ರೆ ಲೆವೆಟಿರಾಸಿಟಮ್, ಕೆಲವರಿಗೆ ಅದು ವಿಪರೀತ ಸಿಟ್ಟು ತರುತ್ತೆ. ನನ್ನನ್ನು ಇಪ್ಪತ್ತು ವರ್ಷ ಬಹುವಚನದಲ್ಲಿ ಮಾತಾಡಿಸಿದವಳು ಒಂದು ದಿನ ಮಕ್ಕಳ ಮುಂದೆ ‘ಹೋಗೋ ಆಚೆ’ ಅಂತ ಲೋಟ ಎಸೆದಳು. ಮಗ ಹೆದರಿ ಅಜ್ಜಿ ಹಿಂದೆ ಅಡಗಿದ. ಡಾಕ್ಟರಿಗೆ ಹೇಳಿ ಮಾತ್ರೆ ಬದಲಿಸಿದೆವು, ಕಡಿಮೆ ಆಯಿತು. ಅದಕ್ಕೇ ಹೇಳೋದು, ಬೈಗುಳವನ್ನೂ ಡಾಕ್ಟರ ಮುಂದೆ ನಾಚಿಕೆ ಬಿಟ್ಟು ಹೇಳಬೇಕು.

ಫಿಟ್ಸ್ ಬಂದಾಗ ಪಕ್ಕದ ಮನೆಯವರು ಬೀಗದ ಕೈ ಹಿಡಿದು ಓಡಿ ಬರುತ್ತಿದ್ದರು. ಕಬ್ಬಿಣದಿಂದ ಏನೂ ಆಗಲ್ಲ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆ. ಮೂಗಿಗೆ ಹೊಡೆಯುವ ಮಿಡಜೊಲಾಮ್ ಸ್ಪ್ರೇ ಬರೆಸಿಕೊಂಡು ಇಟ್ಟುಕೊಂಡಿದ್ದೆವು, ಮಗಳಿಗೂ ಹೊಡೆಯಲು ಬರುತ್ತಿತ್ತು.

ಇನ್ನೊಂದು ಪುಟ್ಟ ವಿಷಯ. ಇವಳು ಊಟಕ್ಕೆ ಕೂತಾಗ ‘ಇವತ್ತೂ ಪಲ್ಯ ಮಾಡ್ಲಿಲ್ವಾ?’ ಅಂತ ಕೇಳುತ್ತಿದ್ದಳು. ಹುರುಳಿಕಾಯಿ ಪಲ್ಯ ತಟ್ಟೆಯಲ್ಲೇ ಇರುತ್ತಿತ್ತು. ಮರೆವು ಅಂದುಕೊಂಡಿದ್ದೆವು. ಮಗಳು ತಟ್ಟೆ ಗಮನಿಸಿದಳು. ಬಲಗಡೆ, ಕೆಳಗಿನ ಮೂಲೆಯಲ್ಲಿದ್ದದ್ದು ಮಾತ್ರ ಉಳಿಯುತ್ತಿತ್ತು. ಕಣ್ಣು ಸರಿಯಾಗೇ ಇತ್ತು, ಮೆದುಳಿಗೆ ಆ ಭಾಗ ಕಾಣುತ್ತಿರಲಿಲ್ಲ. ಅವತ್ತಿನಿಂದ ಊಟದ ನಡುವೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದೆವು. ಮಂಚವನ್ನೂ ಜನ ಎಡಗಡೆಯಿಂದ ಬರುವ ಹಾಗೆ ಹಾಕಿದೆವು, ಬೆಚ್ಚಿ ಬೀಳುವುದು ತಪ್ಪಿತು.

ಮಗಳ ಸಿಇಟಿ ಇವಳು ನೋಡಿದಳು. ಸೀಟು ಸಿಕ್ಕಿದ್ದೂ ತಿಳಿಯಿತು. ಆಮೇಲೆ ಗಡ್ಡೆ ಮತ್ತೆ ಬೆಳೆಯಿತು, ಬಲಗೈ ಬಿತ್ತು, ಮಾತು ಒಂದೊಂದಾಗಿ ಹೋಯಿತು. ಎಲ್ಲದಕ್ಕೂ ‘ನಾಳೆ’ ಅನ್ನುತ್ತಿದ್ದಳು, ಕಾಫಿಗೂ ನಾಳೆ, ನನಗೂ ನಾಳೆ. ಕೇಳುವ ಪ್ರಶ್ನೆಗಳನ್ನು ನಾವು ಹೌದು, ಇಲ್ಲ ಅನ್ನುವ ಹಾಗೆ ಬದಲಿಸಿಕೊಂಡೆವು, ಒಂದು ಸಲಕ್ಕೆ ಒಂದೇ ಪ್ರಶ್ನೆ, ಟಿವಿ ಆರಿಸಿ. ಬೆವಸಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಬಗ್ಗೆ ಕೇಳಿದೆವು. ಊತ ಇಳಿಸುತ್ತೆ, ಸ್ಟೀರಾಯ್ಡ್ ಕಡಿಮೆ ಮಾಡಬಹುದು, ಆಯಸ್ಸು ಹೆಚ್ಚಿಸುತ್ತೆ ಅಂತ ದೊಡ್ಡ ಪರೀಕ್ಷೆಗಳಲ್ಲಿ ತೋರಿಲ್ಲ ಅಂದರು. ಅದಕ್ಕಾಗಿ ಮತ್ತೆ ಮತ್ತೆ ಬೆಂಗಳೂರಿಗೆ ಎಳೆದುಕೊಂಡು ಹೋಗುವುದು ಬೇಡ ಅಂತ ತೀರ್ಮಾನ ಮಾಡಿದೆ. ಈ ತೀರ್ಮಾನ ನನ್ನ ತಲೆ ಮೇಲೆ ಬೀಳಲಿಲ್ಲ, ಯಾಕಂದರೆ ಇವಳು ಆಗಲೇ ಹೇಳಿಯಾಗಿತ್ತು, ಬರೆದೂ ಆಗಿತ್ತು. ಸುಮ್ನೆ ಬಿಟ್ಟುಬಿಟ್ರಾ ಅಂತ ಕೇಳಿದ ನೆಂಟರಿಗೆ ಆ ಕಾಗದದ ಜೆರಾಕ್ಸ್ ತೋರಿಸಿದೆ. ಅಂಗಡಿ ನಮ್ಮದೇ ಅಲ್ವಾ, ಪ್ರತಿಗಳಿಗೆ ಕೊರತೆ ಇರಲಿಲ್ಲ.

ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಕ್ಯಾನ್ಸರಿನ ಕೊನೆ ಹಂತದವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ನಾವು ಮನೆಯಲ್ಲೇ ಇದ್ದೆವು. ಎತ್ತರಿಸುವ ಮಂಚ ಬಾಡಿಗೆಗೆ, ಏರ್ ಬೆಡ್ ಕೊಂಡೆವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನುಂಗುವುದು ಕಷ್ಟವಾದಾಗ ಮೊದಲು ನೆತ್ತಿಗೇರುವುದು ನೀರೇ. ಸ್ವಲ್ಪ ಗಟ್ಟಿಯಾದ ರಾಗಿ ಅಂಬಲಿ ಸಲೀಸಾಗಿ ಇಳಿಯುತ್ತಿತ್ತು. ತಲೆ ಎತ್ತಿ ಕೂರಿಸಿ, ಚಮಚದಲ್ಲಿ, ಗಲ್ಲ ಎದೆಯ ಕಡೆಗೆ ಬಗ್ಗಿಸಿ. ಕೊನೆಯ ವಾರಗಳಲ್ಲಿ ನಿದ್ದೆ ಜಾಸ್ತಿಯಾಯಿತು, ತುತ್ತು ಕಡಿಮೆಯಾಯಿತು. ಒತ್ತಾಯ ಮಾಡಬೇಡಿ ಅಂತ ನರ್ಸ್ ಹೇಳಿದ್ದರು, ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ, ಒದ್ದೆ ಹತ್ತಿಯಲ್ಲಿ ತುಟಿ ಒರೆಸುವ ಕೆಲಸ ಅವರಿಗೇ ವಹಿಸಿದೆವು. ಇವಳು ಮನೆಯಲ್ಲೇ ಹೋದಳು, ಎಲ್ಲರೂ ಇದ್ದರು.

ಮಂಚ ಅಂಗಡಿಗೆ ವಾಪಸ್ ಹೋಯಿತು. ಏರ್ ಬೆಡ್ಡು, ಕಮೋಡ್ ಕುರ್ಚಿ ಹಿಂದಿನ ಬೀದಿಯ ಸ್ಟ್ರೋಕ್ ಆದ ಅಜ್ಜನಿಗೆ ಕೊಟ್ಟೆವು. ಶುಗರ್ ನೋಡುವ ಮೆಷಿನ್ ಮಾತ್ರ ಕೊಡಲಿಲ್ಲ. ಇವಳಿಗೆ ಚುಚ್ಚಿ ಚುಚ್ಚಿ ಒಂದು ದಿನ ಸುಮ್ನೆ ನನ್ನ ಬೆರಳಿಗೂ ಚುಚ್ಚಿಕೊಂಡು ನೋಡಿದ್ದೆ, ನನ್ನದು ಇವಳದ್ದಕ್ಕಿಂತ ಜಾಸ್ತಿ ಇತ್ತು. ನೋಡಿಕೊಳ್ಳುವವರು ತಮ್ಮ ಬಿಪಿ, ಶುಗರ್ ಒಮ್ಮೆ ನೋಡಿಸಿಕೊಳ್ಳಿ. ನಾನೀಗ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗುತ್ತೇನೆ, ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ ನಂಬರ್ ಕೇಳಿ ಬರೆದುಕೊಳ್ಳುತ್ತಾಳೆ.