ಉದ್ಯಮಬಾಗದಿಂದ ಪೆನಾಂಗಿಗೆ: ಚೀನೀ ಮೂಲದ ಮ್ಯಾನೇಜರ್ ಕೈಕೆಳಗೆ ಕೆಲಸ

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಕೆಲಸ ಕಲಿತು ಮಲೇಷ್ಯಾದ ಪೆನಾಂಗಿಗೆ ಹೊರಟವರಿಗೆ ಒಂದೇ ಶಾಪ್‌ಫ್ಲೋರಿನಲ್ಲಿ ಚೀನೀ, ಮಲಯ, ತಮಿಳು ಮೂಲದವರು ಸಿಗುತ್ತಾರೆ. ಕನ್ನಡ, ಮರಾಠಿ, ಉರ್ದು ಒಟ್ಟಿಗೆ ಕೇಳಿ ಬೆಳೆದವರಿಗೆ ಭಾಷೆಯ ಗದ್ದಲ ಹೊಸದೇನಲ್ಲ. ಎಡವುವುದು ತಪ್ಪು ತೋರಿಸುವ ರೀತಿಯಲ್ಲಿ.

"ಸಾಹೇಬ್ರ, ಇದು ತಪ್ಪೈತ್ರಿ" ಎಂದು ಮೀಟಿಂಗಿನಲ್ಲಿ ಅಂದುಬಿಟ್ಟರೆ ಮ್ಯಾನೇಜರಿನ 'ಮಿಯೆನ್‌ಜಿ', ಅಂದರೆ ನಾಲ್ಕು ಜನರೆದುರಿನ ಮರ್ಯಾದೆ, ಹೋಗುತ್ತದೆ. ಜಗಳ ಆಗುವುದಿಲ್ಲ, ನಿಮ್ಮ ಮೇಲ್‌ಗೆ ಉತ್ತರ ತಡವಾಗುತ್ತದೆ, ಮುಂದಿನ ಚರ್ಚೆಗೆ ಕರೆ ಬರುವುದಿಲ್ಲ. ಹಾಗಾಗಿ ಮೀಟಿಂಗಿಗೆ ಮೊದಲೇ ಅವರೊಬ್ಬರನ್ನೇ ಕಂಡು ಅಳತೆಯ ಹಾಳೆ ಮುಂದಿಡಿ: "ಬೋರ್ 20 ಮೈಕ್ರಾನ್ ದೊಡ್ಡದು ಬರ್ತಿದೆ, ಟೂಲ್ ಆಫ್‌ಸೆಟ್ ಒಮ್ಮೆ ನೋಡೋಣವೇ?" (ಬೋರ್ ಅಂದರೆ ಕೊರೆದ ರಂಧ್ರ, ಟೂಲ್ ಆಫ್‌ಸೆಟ್ ಅಂದರೆ ಯಂತ್ರಕ್ಕೆ ಕೊಟ್ಟ ಟೂಲ್‌ನ ಅಳತೆ.) ತಿದ್ದುಪಡಿಯನ್ನು ಅವರೇ ಸಭೆಗೆ ಹೇಳಲಿ. ಸುರಕ್ಷತೆಯ ವಿಷಯಕ್ಕೆ ಮಾತ್ರ ಈ ನಾಜೂಕು ಬೇಡ: ಯಂತ್ರ ನಿಲ್ಲಿಸಿ, ವಿವರಣೆ ಆಮೇಲೆ.

"ಹೂಂ" ಎಂದರೆ ಕೇಳಿಸಿತು ಎಂದಷ್ಟೇ ಇರಬಹುದು. ಯಾರು, ಯಾವ ದಿನ, ಎಷ್ಟು ಪೀಸ್ ಎಂದು ಕೇಳಿ, ಅದನ್ನೇ ಮೇಲ್‌ನಲ್ಲಿ ಬರೆದುಕೊಳ್ಳಿ. ಬಹುರಾಷ್ಟ್ರೀಯ ಕಂಪನಿಗಳ ಕಿರಿಯರು ನೇರವಾಗಿಯೇ ಮಾತಾಡುವುದುಂಟು; ಮೊದಲು ಗಮನಿಸಿ.

ತಾನ್, ಲಿಮ್ ಎಂದು ಹೆಸರಿನ ಮೊದಲು ಬರುವುದು ಮನೆತನ. 'ಮಿಸ್ಟರ್ ತಾನ್' ಎನ್ನಿ. ವಿಸಿಟಿಂಗ್ ಕಾರ್ಡ್ ಕೊಡುವುದು, ತೆಗೆದುಕೊಳ್ಳುವುದು ಎರಡೂ ಕೈಯಿಂದ.

ಊರಿಂದ ಉಡುಗೊರೆ ಒಯ್ಯಲು ಕುಂದಾಕ್ಕಿಂತ ಗೋಕಾಕ ಕರದಂಟು ವಾಸಿ, ಬೇಗ ಕೆಡುವುದಿಲ್ಲ. ನಾಲ್ಕು ಡಬ್ಬಿ ಬೇಡ. ಚೀನೀ ಭಾಷೆಯಲ್ಲಿ ಆ ಸಂಖ್ಯೆಯ ಉಚ್ಚಾರ 'ಸಾವು' ಎಂಬ ಪದಕ್ಕೆ ಹತ್ತಿರ. ಎಂಟು ಶುಭ. ಗಡಿಯಾರ ಕೊಡಲೇಬೇಡಿ. ಒಮ್ಮೆ ಬೇಡ ಎಂದರೆ ಮತ್ತೊಮ್ಮೆ ಕೊಡಿ. ನಿಮ್ಮೆದುರು ಬಿಚ್ಚದಿದ್ದರೆ ಬೇಸರ ಬೇಡ.

ಊಟದಲ್ಲಿ ಲಿಂಗಾಯತರು, ಜೈನರು ಎಚ್ಚರವಿರಬೇಕು. 'ತರಕಾರಿ' ಎಂದು ಬರುವ ತಟ್ಟೆಯಲ್ಲೂ ಆಯ್‌ಸ್ಟರ್ ಸಾಸ್ (ಸಿಂಪಿಯಿಂದ ಮಾಡುವ ಸಾಸ್) ಅಥವಾ ಹಂದಿಕೊಬ್ಬು ಇರಬಹುದು. ಎರಡನ್ನೂ ಹೆಸರು ಹಿಡಿದೇ ಕೇಳಿ. ಬೌದ್ಧ ಸಸ್ಯಾಹಾರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ಆದರೆ ಜೈನರು ತಿನ್ನದ ಗಡ್ಡೆ ಇರುತ್ತದೆ. ತಂಡದ ಊಟವಾದರೆ ಹಲಾಲ್ ಜಾಗ ಆರಿಸಿ. ಇಲ್ಲವಾದರೆ ಮುಸ್ಲಿಮರಾದ ಮಲಯ ಸಹೋದ್ಯೋಗಿಗಳು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ, ಗುಂಪು ಅಲ್ಲೇ ಒಡೆಯುತ್ತದೆ.

ಚೀನೀ ಹೊಸವರ್ಷ ಜನವರಿ 21ರಿಂದ ಫೆಬ್ರವರಿ 20ರೊಳಗೆ ಬೀಳುತ್ತದೆ. ಹಿಂದಿನ ರಾತ್ರಿ ಮನೆಮಂದಿಯ ಊಟ, ಓವರ್‌ಟೈಮ್ ಕೇಳಬೇಡಿ. ಆ ಶಿಫ್ಟ್ ನೀವೇ ಹೊತ್ತುಕೊಂಡರೆ ದೀಪಾವಳಿಗೆ ರಜೆ ಸುಲಭ: ಮಾಡಿದ ಉಪಕಾರ ಅಲ್ಲಿ ಮರೆಯುವುದು ಕಡಿಮೆ, ತೀರಿಸದೆ ಬಿಟ್ಟರೆ ಅದೂ ನೆನಪಿರುತ್ತದೆ.