ಬೈಗ್ರೇವ್ ಲಂಗದ ಲಾಡಿ ಕೊನೆಗೂ ಜಾರಿತು

ಲಾಡಿ ಎಳೆದರೆ ಮೇಲೇರುವ ಹಳೇ ಕಾಲದ ಸೈಕಲ್ ಲಂಗವನ್ನು ಟ್ವೀಡಿನಲ್ಲಿ, ಅಂದರೆ ದಪ್ಪ ಉಣ್ಣೆ ಬಟ್ಟೆಯಲ್ಲಿ, ಹೊಲಿಯಹೊರಟೆ. ಅದು ಭಾರದ ಬಟ್ಟೆ, ಬರೀ ಲಾಡಿ ಎಳೆದರೆ ಮೇಲೇಳುವುದಿಲ್ಲ ಎಂದವರೇ ಹೆಚ್ಚು. ಎದ್ದಿದೆ. ನೆಲದಿಂದ 3 ಇಂಚು ಮೇಲಿರುವ ಅಂಚು ಮೊಣಕಾಲ ಹತ್ತಿರಕ್ಕೆ ಬರುತ್ತದೆ, ಬಿಟ್ಟರೆ ತಾನೇ ಇಳಿಯುತ್ತದೆ.

ಲಂಡನ್ನಿನ ಬ್ರಿಕ್ಸ್ಟನ್ನಲ್ಲಿ ಹೆಂಗಸರ ಉಡುಪು ಹೊಲಿಯುತ್ತಿದ್ದ ಆಲಿಸ್ ಬೈಗ್ರೇವ್ 1895ರಲ್ಲಿ ಪೇಟೆಂಟ್ ಮಾಡಿಸಿದ ಸೈಕಲ್ ಲಂಗ ಇದು; ಯೇಗರ್ ಎಂಬ ಉಡುಪಿನ ಕಂಪನಿ ಹೊಲಿಸಿ ಮಾರಿತು. ಆಗ ಹೆಂಗಸರು ಬ್ಲೂಮರ್ (ಸಡಿಲ ಚಲ್ಲಣ) ತೊಟ್ಟರೆ ಬೀದಿಯಲ್ಲಿ ಬೈಗುಳ, ಉದ್ದ ಲಂಗ ತೊಟ್ಟರೆ ಅದು ಚೈನಿಗೆ ಸಿಕ್ಕಿ ಬೀಳುವ ಭಯ. ಎರಡನ್ನೂ ಒಂದೇ ಉಡುಪಿನಲ್ಲಿ ಬಗೆಹರಿಸಿದ ಆಕೆಯ ಬುದ್ಧಿ ದೊಡ್ಡದು.

ನನ್ನ ಮೊದಲ ಲಂಗ ಕೆಟ್ಟದ್ದು ಲಾಡಿಯ ಹುರಿ ತೂರಿಸುವ ಪಟ್ಟಿಯಿಂದ. ಮುಂದೆ, ಹಿಂದೆ ನಡು ಹೊಲಿಗೆಯುದ್ದಕ್ಕೂ ಒಂದೇ ಪಟ್ಟಿ ಕೊಟ್ಟಿದ್ದೆ. ಏಳೆಂಟು ಇಂಚು ಏರುವಷ್ಟರಲ್ಲಿ ಬಟ್ಟೆ ಉಂಡೆಗಟ್ಟಿತು. ದಪ್ಪ ಉಣ್ಣೆ ನೆರಿಗೆ ಬಿದ್ದಷ್ಟೂ ಹುರಿಯನ್ನು ಕಚ್ಚುತ್ತದೆ. ಜೋರಾಗಿ ಎಳೆದೆ, ಅಂಚೇ ಕಿತ್ತು ಬಂತು. ನಾಲ್ಕೂವರೆ ಮೀಟರ್ ಬಟ್ಟೆ, ಐದು ಸಾವಿರದ ಹತ್ತಿರ, ದಂಡ. ಎರಡನೆಯದಕ್ಕೆ ನೈಲಾನ್ ಹುರಿ ಹಾಕಿದೆ. ಚೆನ್ನಾಗಿ ಜಾರಿತು, ಗಂಟು ಮಾತ್ರ ನಿಲ್ಲಲಿಲ್ಲ. ಆಮೇಲಿನ ಪ್ರಯೋಗಗಳನ್ನೆಲ್ಲ ಹಳೆ ಕಂಬಳಿಯಲ್ಲೇ ಮಾಡಿದೆ. ತೂಕ ಹೆಚ್ಚುಕಡಿಮೆ ಅದೇ, ಖರ್ಚಿಲ್ಲ.

ಪಟ್ಟಿಯನ್ನು ತುಂಡು ಮಾಡಿದ ಮೇಲೆ ಕೆಲಸ ಕೂಡಿಬಂತು. ಒಂದೂವರೆ ಇಂಚಿನ ಹತ್ತಿ ಟೇಪಿನ ತುಂಡುಗಳು, ನಡುವೆ 3 ಇಂಚು ಬಿಡುವು. ಅಂಚಿನಿಂದ ಮೇಲಕ್ಕೆ ಐದು ಬಿಡುವು, ಅಂದರೆ 15 ಇಂಚು ಏರಿಕೆ. ಬಿಡುವಿನ ಬಟ್ಟೆ ಮಡಿಕೆಯಾಗಿ ಕೂರುತ್ತದೆ, ಉಂಡೆಗಟ್ಟುವುದಿಲ್ಲ. 3 ಮಿ.ಮೀ. ಹತ್ತಿ ಹುರಿಗೆ ಮೇಣ ಹಚ್ಚಬೇಕು. ಮೇಣಕ್ಕೆ ನಾನು ಬೆರೆಸುವುದೇನೆಂಬುದು ನನ್ನಲ್ಲೇ ಇರಲಿ. ಹುರಿಯ ಕೆಳತುದಿಯನ್ನು ಅಂಚಿನೊಳಗಿನ ಕ್ಯಾನ್ವಾಸಿಗೇ ಹೊಲಿಯಿರಿ, ಟ್ವೀಡಿಗೆ ಬೇಡ. ಮೇಲ್ತುದಿ ಸೊಂಟಪಟ್ಟಿಯ ಹಿತ್ತಾಳೆ ಉಂಗುರದಲ್ಲಿ ತಿರುಗಿ ಬಲಪಕ್ಕಕ್ಕೆ ಬರಲಿ. ಅಲ್ಲಿ ಎರಡು ಗುಂಡಿಗೆ ಎಂಟರ ಆಕಾರದಲ್ಲಿ ಸುತ್ತಿದರೆ ಗಂಟೇ ಬೇಡ.

ಲಂಗ ತಾನೇ ಕೆಳಗಿಳಿಯಲು ಅಂಚಿನಲ್ಲಿ ತೂಕ ಬೇಕು. ಮುಂದೆ ಸುಮಾರು 20 ಗ್ರಾಂ, ಹಿಂದೆ ಘೇರು ಜಾಸ್ತಿಯಾದ್ದರಿಂದ 30. ಸೀಟಿನ ಮೇಲೆ ಕೂರುವ ಜಾಗದಲ್ಲಿ ಟೇಪಿನ ತುಂಡು ಇರಲೇಬಾರದು, ಚುಚ್ಚುತ್ತದೆ. ಹಿಂದಿನ ಹುರಿಯನ್ನು ಸೈಕಲ್ ಹತ್ತುವ ಮೊದಲೇ ಎಳೆಯಬೇಕು. ಕೂತ ಮೇಲೆ ಅದು ಅಲ್ಲಾಡುವುದಿಲ್ಲ.

ಒಮ್ಮೆ ಹುರಿಯೇ ಇಲ್ಲದೆ, ಅಂಚನ್ನು ಪಕ್ಕದ ಗುಂಡಿಗಳಿಗೆ ಎತ್ತಿ ಸಿಕ್ಕಿಸುವ ಲಂಗವನ್ನೂ ಹೊಲಿದು ನೋಡಿದೆ. ಹೊಲಿಯುವುದು ಸುಲಭ, ಆದರೆ ಎರಡೂ ಕೈ ಬೇಕು, ಮುಂಭಾಗ ಜೋತುಬೀಳುತ್ತದೆ. ಒಳಗಿನ ನಿಕ್ಕರನ್ನು ಅದೇ ಟ್ವೀಡಿನಲ್ಲಿ ಹೊಲಿದರೆ ಲಂಗಕ್ಕೆ ಸ್ಯಾಟಿನ್ ಅಸ್ತರು ಕೊಡಲೇಬೇಕು. ಇಲ್ಲದಿದ್ದರೆ ಉಣ್ಣೆಗೆ ಉಣ್ಣೆ ಅಂಟಿಕೊಂಡು, ಎಷ್ಟು ತೂಕ ಕಟ್ಟಿದರೂ ಲಂಗ ಅರ್ಧಕ್ಕೇ ನಿಲ್ಲುತ್ತದೆ.